ರಾತ್ರಿ ಬಂದುಹೋದವರ ಗುರುತು: ಕಂಟೋನ್ಮೆಂಟಿನ ಗೋದಲಿ ಮತ್ತು ಎಲ್ಫ್ ಗೊಂಬೆ

ಡಿಸೆಂಬರ್ ಹುಟ್ಟುತ್ತಿದ್ದಂತೆ ಇಂದಿರಾನಗರದಿಂದ ಕೆ.ಆರ್. ಪುರಂ, ವೈಟ್‌ಫೀಲ್ಡ್‌ವರೆಗಿನ ಕೆಲವು ಮನೆಗಳಲ್ಲಿ ಒಂದು ಗೊಂಬೆ ಪೆಟ್ಟಿಗೆಯಿಂದ ಹೊರಬರುತ್ತದೆ. ಕೆಂಪು ಅಂಗಿ, ಚೂಪು ಟೋಪಿ, ತೆಳ್ಳನೆಯ ಉದ್ದ ಕೈಕಾಲು, ಓರೆನೋಟದ ಕಣ್ಣು. ಹಗಲೆಲ್ಲ ಅದು ಇಟ್ಟಲ್ಲೇ ಇರುತ್ತದೆ. ಮಕ್ಕಳು ಮಲಗಿದ ಮೇಲೆ ಅಪ್ಪನೋ ಅಮ್ಮನೋ ಅದನ್ನೆತ್ತಿ ಬೇರೊಂದು ಜಾಗದಲ್ಲಿ, ಬೇರೊಂದು ಭಂಗಿಯಲ್ಲಿ ಕೂರಿಸುತ್ತಾರೆ. ಒಂದು ದಿನ ಫ್ರಿಜ್ಜಿನಲ್ಲಿ ಮೊಟ್ಟೆಗಳ ನಡುವೆ ಚಳಿಗೆ ಮುದುಡಿಕೊಂಡು, ಇನ್ನೊಂದು ದಿನ ಕಿಟಕಿಯ ಪರದೆಗೆ ಜೋತುಬಿದ್ದು, ಮತ್ತೊಂದು ದಿನ ಸಕ್ಕರೆ ಡಬ್ಬಿಯನ್ನು ಉರುಳಿಸಿ ಅದರ ಪಕ್ಕದಲ್ಲೇ ಅಂಗಾತ ಮಲಗಿ. ಬೆಳಿಗ್ಗೆ ಎದ್ದ ಮಕ್ಕಳು ಮುಖ ತೊಳೆಯುವ ಮೊದಲೇ ಅದನ್ನು ಹುಡುಕಲು ಓಡುತ್ತಾರೆ. ಡಿಸೆಂಬರ್ 24ರ ರಾತ್ರಿ ಗೊಂಬೆ ಸಾಂತಾ ತಾತನ ಜೊತೆ ಹೊರಟುಹೋಯಿತೆಂದು ಮಕ್ಕಳಿಗೆ ಹೇಳಲಾಗುತ್ತದೆ. ಮುಂದಿನ ವರ್ಷದವರೆಗೆ ಅದರ ವಾಸ ಅಟ್ಟದ ಮೇಲೆ.

ಇದು ಮೊನ್ನೆ ಮೊನ್ನೆ ಅಮೆರಿಕದಿಂದ ಮೊಬೈಲಿನ ಮೂಲಕ ಬಂದ ಆಟ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಗೊಂಬೆಯ ಮಟ್ಟಿಗೆ ಆ ಮಾತು ಸರಿ. ಆಟದ ಮಟ್ಟಿಗೆ ಅದನ್ನು ಒಪ್ಪುವುದು ಕಷ್ಟ. ಹಿರಿಯರು ರಾತ್ರಿ ಗುಟ್ಟಾಗಿ ಒಂದು ಮೂರ್ತಿಯನ್ನು ಕದಲಿಸುವುದು, ಬೆಳಿಗ್ಗೆ ಮಕ್ಕಳು ಆ ಬದಲಾವಣೆಯನ್ನು ತಾವಾಗಿ ಕಂಡುಹಿಡಿಯುವುದು, ಯಾರೋ ಬಂದುಹೋದರೆಂಬ ಗುರುತು ನೆಲದ ಮೇಲೆ ಉಳಿಯುವುದು: ಈ ಮೂರೂ ಬೆಂಗಳೂರಿನ ಪೂರ್ವ ಭಾಗದ ಮನೆಗಳಿಗೆ ಹಳೆಯ ಪರಿಚಯ. ಎಲ್ಫ್ ಗೊಂಬೆಯ ಅತಿ ಹತ್ತಿರದ ನೆಂಟನನ್ನು ಹುಡುಕಬೇಕಾದ್ದು ಸಾಂತಾ ಕ್ಲಾಸನ ಕಥೆಗಳಲ್ಲಲ್ಲ, ಶಿವಾಜಿನಗರ ಮತ್ತು ಹಲಸೂರಿನ ಮನೆಗಳ ಗೋದಲಿಯಲ್ಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಪ್ರತಿಕೃತಿಯಲ್ಲಿ, ಎಂಬುದು ಈ ಟಿಪ್ಪಣಿಯ ವಾದ. ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಒಂದೇ: ಮಗುವಿನ ಕೈಗೆ ಅಲ್ಲಿ ಏನು ಕೆಲಸ ಎಂಬುದು.

ಮೊದಲು ಗೊಂಬೆಯ ಚರಿತ್ರೆಯನ್ನು ಚಿಕ್ಕದಾಗಿ ನೋಡೋಣ. ‘ದಿ ಎಲ್ಫ್ ಆನ್ ದ ಶೆಲ್ಫ್’ ಎಂಬ ಮಕ್ಕಳ ಪುಸ್ತಕ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ 2005ರಲ್ಲಿ ಹೊರಬಂತು. ಬರೆದವರು ಕ್ಯಾರಲ್ ಏಬರ್‌ಸೋಲ್ಡ್ ಮತ್ತು ಅವರ ಮಗಳು ಚಾಂಡಾ ಬೆಲ್. ಪ್ರಕಾಶಕರು ಸಿಗದೆ ಕುಟುಂಬವೇ ಅಚ್ಚು ಹಾಕಿಸಿ, ಪುಸ್ತಕದ ಜೊತೆ ಒಂದು ಗೊಂಬೆಯನ್ನೂ ಪೆಟ್ಟಿಗೆಯಲ್ಲಿಟ್ಟು ಮಾರಿತು. 2012ರ ಹೊತ್ತಿಗೆ ನ್ಯೂಯಾರ್ಕಿನ ಮೇಸೀಸ್ ಮೆರವಣಿಗೆಯಲ್ಲಿ ಅದರ ದೊಡ್ಡ ಬಲೂನು ಹಾರಿತು. ಕಥೆಯ ಪ್ರಕಾರ ಈ ಎಲ್ಫ್ ಸಾಂತಾನ ಬೇಹುಗಾರ. ಮಗು ಅದಕ್ಕೊಂದು ಹೆಸರಿಡಬೇಕು. ಹಗಲು ಅದು ಮಗುವಿನ ನಡತೆಯನ್ನು ನೋಡುತ್ತದೆ, ರಾತ್ರಿ ಉತ್ತರ ಧ್ರುವಕ್ಕೆ ಹಾರಿ ವರದಿ ಒಪ್ಪಿಸುತ್ತದೆ, ಬೆಳಗಾಗುವ ಮೊದಲು ಮರಳಿ ಬೇರೆ ಜಾಗದಲ್ಲಿ ಕೂರುತ್ತದೆ. ಮಗು ಮುಟ್ಟಿದರೆ ಅದರ ಮಾಯೆ ಹೋಗುತ್ತದೆ.

ಈ ಗೊಂಬೆಯ ರೂಪವೂ ಪೂರ್ತಿ ಹೊಸದಲ್ಲ. 1950 ಮತ್ತು 60ರ ದಶಕಗಳಲ್ಲಿ ಜಪಾನಿನಲ್ಲಿ ತಯಾರಾಗಿ ಅಮೆರಿಕದ ಅಂಗಡಿಗಳಿಗೆ ಬರುತ್ತಿದ್ದ, ಮೊಣಕಾಲು ಅಪ್ಪಿಕೊಂಡು ಕೂತ ಪುಟ್ಟ ಎಲ್ಫ್‌ಗಳು ಅದರ ಅಕ್ಕತಂಗಿಯರು. ಇನ್ನೂ ಹಿಂದಕ್ಕೆ ಹೋದರೆ ಸ್ವೀಡನ್ನಿನ ಟೊಮ್ಟೆ, ಡೆನ್ಮಾರ್ಕ್ ಮತ್ತು ನಾರ್ವೆಯ ನಿಸ್ಸೆ ಸಿಗುತ್ತಾರೆ. ಇವರು ಹೊಲಮನೆ, ಕೊಟ್ಟಿಗೆಗಳನ್ನು ಕಾಯುವ ಕುಳ್ಳ ದೈವಗಳು. ಕ್ರಿಸ್ಮಸ್ ಹಿಂದಿನ ರಾತ್ರಿ ಇವರಿಗೆ ಬೆಣ್ಣೆ ಹಾಕಿದ ಗಂಜಿ ಇಡಬೇಕು, ಮರೆತರೆ ಕೀಟಲೆ ಮಾಡುತ್ತಾರೆ. ಅಲ್ಲಿ ಲೆಕ್ಕ ಒಪ್ಪಿಸಬೇಕಾದವರು ಮನೆಯ ಹಿರಿಯರು, ಮಕ್ಕಳಲ್ಲ. ಇದು ಮುಂದಿನ ಚರ್ಚೆಗೆ ಬೇಕಾದ ವಿವರ, ಹಾಗಾಗಿ ಇಲ್ಲಿ ಗುರುತು ಹಾಕಿಡುತ್ತೇನೆ.

ಈಗ ಶಿವಾಜಿನಗರಕ್ಕೆ ಬರೋಣ. 1809ರಲ್ಲಿ ಬ್ರಿಟಿಷ್ ದಂಡು ಇಳಿದ ಮೇಲೆ ಬೆಳೆದ ಈ ಕಂಟೋನ್ಮೆಂಟಿನಲ್ಲಿ, ಆಗಿನ ಬ್ಲ್ಯಾಕ್‌ಪಲ್ಲಿಯ ಸುತ್ತ, ತಮಿಳು ಕಥೋಲಿಕರು, ಕನ್ನಡ ಕಥೋಲಿಕರು, ಆಂಗ್ಲೋ-ಇಂಡಿಯನ್ನರು ಒಂದೇ ಪ್ರಾರ್ಥನಾಲಯದ ನೆರಳಿನಲ್ಲಿ ನೆಲೆನಿಂತರು. ಸಂತ ಮೇರಿ ಬಸಿಲಿಕದ ಇಂದಿನ ಗೋಥಿಕ್ ಕಟ್ಟಡದ ಪ್ರತಿಷ್ಠೆ ನಡೆದದ್ದು 1882ರ ಸೆಪ್ಟೆಂಬರ್ 8ರಂದು. 1973ರಲ್ಲಿ ಅದಕ್ಕೆ ಬಸಿಲಿಕದ ಪದವಿ ಬಂತು. ಅದೇ 1882ರಲ್ಲಿ ಪೂರ್ವಕ್ಕೆ ಹಲವು ಮೈಲಿ ದೂರದಲ್ಲಿ, ಡೇವಿಡ್ ಇಮ್ಯಾನ್ಯುಯೆಲ್ ಸ್ಟಾರ್ಕೆನ್‌ಬರ್ಗ್ ವೈಟ್ ಅವರ ಮುಂದಾಳುತನದಲ್ಲಿ, ಮೈಸೂರು ಮಹಾರಾಜರಿತ್ತ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತು ಹುಟ್ಟಿತು. ಇವತ್ತು ಎಲ್ಫ್ ಗೊಂಬೆ ಹೆಚ್ಚಾಗಿ ಕಾಣುವ ವೈಟ್‌ಫೀಲ್ಡ್ ಅದೇ. ಹೀಗಾಗಿ ಈ ಸೀಮೆಯ ಎರಡು ತುದಿಗಳಲ್ಲೂ ಮನೆಯೊಳಗಿನ ಕ್ರಿಸ್ಮಸ್ಸಿಗೆ ನೂರು ವರ್ಷಕ್ಕೂ ಮೀರಿದ ಬೇರಿದೆ.

ಬಸಿಲಿಕದಿಂದ ಕೂಗಳತೆಯ ದೂರದಲ್ಲಿ ರಸೆಲ್ ಮಾರುಕಟ್ಟೆ. ಅದು 1933ರಲ್ಲಿ ಉದ್ಘಾಟನೆಯಾಯಿತು. ಡಿಸೆಂಬರಿನಲ್ಲಿ ಇದರ ಆಸುಪಾಸಿನ ಅಂಗಡಿಗಳಲ್ಲಿ ಕಾಗದದ ನಕ್ಷತ್ರಗಳು, ಸೀರಿಯಲ್ ಸೆಟ್ ದೀಪಗಳು, ಹುಲ್ಲಿನ ಪುಟ್ಟ ಗುಡಿಸಲುಗಳು, ಗೋದಲಿಯ ಮೂರ್ತಿಗಳ ಸೆಟ್ಟುಗಳು ಮಾರಾಟಕ್ಕೆ ಬರುತ್ತವೆ. ಸೆಟ್ಟುಗಳನ್ನು ಇಂಚಿನ ಲೆಕ್ಕದಲ್ಲಿ ಕೇಳಬೇಕು. ಮರಿಯಮ್ಮ, ಜೋಸೆಫರು, ಬಾಲಯೇಸು, ದೇವದೂತ, ಕುರುಬರು, ಮೂವರು ರಾಯರು, ಎತ್ತು, ಕತ್ತೆ, ಕುರಿ, ಒಂದೆರಡು ಒಂಟೆ. ಹೆಚ್ಚಿನವು ಪ್ಲಾಸ್ಟರ್ ಆಫ್ ಪ್ಯಾರಿಸಿನವು, ದುಬಾರಿಯವು ಫೈಬರಿನವು. ಇಲ್ಲಿ ಸಂಶೋಧಕ ಗಮನಿಸಬೇಕಾದ ಒಂದು ಸಣ್ಣ ವಿಷಯವಿದೆ. ಕೆಲವು ಸೆಟ್ಟುಗಳಲ್ಲಿ ಕೂಸು ಮತ್ತು ಮೇವಿನ ತೊಟ್ಟಿ ಒಂದೇ ಅಚ್ಚಿನಲ್ಲಿ ಎರಕವಾಗಿರುತ್ತವೆ, ಕೆಲವದರಲ್ಲಿ ಕೂಸನ್ನು ಬೇರೆಯಾಗಿ ಎತ್ತಬಹುದು. ಗೋದಲಿಯನ್ನು ಚೆಂದಕ್ಕೆಂದು ಮಾತ್ರ ಇಡುವವರಿಗೆ ಎರಡೂ ಒಂದೇ. ಸಂಪ್ರದಾಯ ಪಾಲಿಸುವ ಮನೆಯವರಿಗೆ ಬೇಕಾದದ್ದು ಎತ್ತಬಹುದಾದ ಕೂಸು. ಒಂದೇ ಎರಕದ ಸೆಟ್ಟು ಮನೆಗೆ ಬಂದರೆ ತೊಟ್ಟಿಯ ಸಮೇತ ಬಾಲಯೇಸುವನ್ನು ಬೀರುವಿನಲ್ಲಿ ಅಡಗಿಸಿಡಬೇಕಾಗುತ್ತದೆ.

ಯಾಕೆಂದರೆ ಡಿಸೆಂಬರ್ 24ರ ನಡುರಾತ್ರಿಯವರೆಗೆ ಗೋದಲಿಯ ನಡುವಿನ ಜಾಗ ಖಾಲಿ ಇರಬೇಕು. ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲ ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವಿನ ಒಂದು ಭಾನುವಾರ ಶುರುವಾಗುತ್ತದೆ. ಗೋದಲಿ ಅಲ್ಲಿಂದ ಮುಂದೆ ಹಂತಹಂತವಾಗಿ ಮೇಲೇಳುತ್ತದೆ. ಮೊದಲು ಬೆಟ್ಟ: ದಪ್ಪ ಕಂದು ಕಾಗದವನ್ನು ಮುದುಡಿ, ಬಣ್ಣ ಹೊಡೆದು, ರಟ್ಟಿನ ಡಬ್ಬಗಳ ಮೇಲೆ ಹೊದಿಸುತ್ತಾರೆ. ಗೋಣಿಚೀಲಕ್ಕೆ ಸಿಮೆಂಟಿನ ನೀರು ಬಳಿದು ಒಣಗಿಸಿ ಗವಿ ಮಾಡುವವರೂ ಇದ್ದಾರೆ. ಒಡೆದ ಕನ್ನಡಿಯ ಚೂರು ಕೆರೆಯಾಗುತ್ತದೆ, ಬಣ್ಣ ಹಾಕಿದ ಮರದ ಹೊಟ್ಟು ದಾರಿಯಾಗುತ್ತದೆ. ಆಮೇಲೆ ಹುಲ್ಲು. ಕೊನೆಗೆ ಮೂರ್ತಿಗಳು, ಅವೂ ಎಲ್ಲ ಒಮ್ಮೆಗೆ ಬರುವುದಿಲ್ಲ. ನಡುರಾತ್ರಿಯ ಬಲಿಪೂಜೆಯಲ್ಲಿ ಗುರುಗಳು ಬಾಲಯೇಸುವಿನ ಮೂರ್ತಿಯನ್ನು ತಂದು ದೇವಾಲಯದ ಗೋದಲಿಯಲ್ಲಿ ಮಲಗಿಸುತ್ತಾರೆ. ಮನೆಗೆ ಮರಳಿದ ಮೇಲೆ ಮನೆಯ ಗೋದಲಿಯಲ್ಲೂ ಆ ಕೆಲಸ ನಡೆಯುತ್ತದೆ. ಪೂಜೆಗೆ ಬಾರದೆ ನಿದ್ದೆಹೋದ ಚಿಕ್ಕ ಮಕ್ಕಳು ಬೆಳಿಗ್ಗೆ ಎದ್ದು ನೋಡಿದಾಗ ಖಾಲಿ ತೊಟ್ಟಿಯಲ್ಲಿ ಕೂಸು ಬಂದು ಮಲಗಿರುತ್ತದೆ. ವಾರಗಟ್ಟಲೆ ಖಾಲಿ ನೋಡಿದ ಜಾಗ ರಾತ್ರೋರಾತ್ರಿ ತುಂಬಿದ್ದನ್ನು ಕಾಣುವ ಆ ಅಚ್ಚರಿಯೂ ಎಲ್ಫನ್ನು ಹುಡುಕುವ ಮಗುವಿನ ಅಚ್ಚರಿಯೂ ಒಂದೇ ಜಾತಿಯವು.

ಮೂವರು ರಾಯರ ಆಟ ಇನ್ನೂ ಹತ್ತಿರದ್ದು. ಅವರ ಹಬ್ಬ ಜನವರಿ 6ರಂದು ಅಥವಾ ಅದರ ಹತ್ತಿರದ ಭಾನುವಾರ. ಅಲ್ಲಿಯವರೆಗೆ ಅವರು ಗವಿಗೆ ತಲುಪುವಂತಿಲ್ಲ, ಬಾಲಯೇಸುವನ್ನು ಕಾಣಲು ದೂರದ ಮೂಡಣದಿಂದ ಬರುತ್ತಿರುವವರು. ಕೆಲವು ಮನೆಗಳಲ್ಲಿ ಒಂಟೆ ಸಮೇತ ಅವರನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿ, ಟಿವಿಯ ಮೇಲೋ ಪುಸ್ತಕದ ಕಪಾಟಿನ ಮೇಲೋ ಇಟ್ಟು, ದಿನಕ್ಕಿಷ್ಟು ಎಂದು ಗೋದಲಿಯ ಕಡೆಗೆ ಸರಿಸುತ್ತ ಬರುತ್ತಾರೆ. ಯೂರೋಪಿನ ಕಥೋಲಿಕ ಮನೆಗಳಲ್ಲೂ ಈ ವಾಡಿಕೆ ಇದೆ. ಒಮ್ಮೊಮ್ಮೆ ಹಿರಿಯರು ರಾತ್ರಿ ಸರಿಸುತ್ತಾರೆ, ಒಮ್ಮೊಮ್ಮೆ ಇವತ್ತು ಯಾರ ಸರದಿ ಎಂದು ಮಕ್ಕಳೇ ಜಗಳ ಕಾಯುತ್ತಾರೆ. ಮೂರ್ತಿಯೊಂದು ದಿನದಿಂದ ದಿನಕ್ಕೆ ಮನೆಯೊಳಗೆ ಪ್ರಯಾಣ ಮಾಡುವ ಈ ಕ್ರಮವೇ ಎಲ್ಫ್ ಆಟದ ಎಲುಬು. ರಾಯರ ಪ್ರಯಾಣಕ್ಕೆ ಒಂದು ಗುರಿ ಇದೆ, ದಾರಿಯೂ ನೇರ. ಎಲ್ಫ್ ಎಲ್ಲಿ ಬೇಕಾದರೂ ನೆಗೆಯುತ್ತದೆ, ಹಾಗಾಗಿ ಪ್ರತಿ ರಾತ್ರಿ ಹೊಸದೊಂದು ಯೋಚಿಸುವ ಹೊರೆ ಹಿರಿಯರ ಮೇಲೆ ಬೀಳುತ್ತದೆ.

ಖಾಲಿ ತೊಟ್ಟಿಯ ಚರಿತ್ರೆ ಹಳೆಯದು. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಮೇವಿನ ತೊಟ್ಟಿ, ಹುಲ್ಲು, ಜೀವಂತ ಎತ್ತು ಮತ್ತು ಕತ್ತೆಯನ್ನು ತರಿಸಿ ಪೂಜೆ ನಡೆಸಿದ್ದು ಗೋದಲಿಯ ಮೂಲವೆಂದು ಪ್ರಸಿದ್ಧ. ಕೆಲವೇ ವರ್ಷಗಳ ನಂತರ ಅವರ ಜೀವನಚರಿತ್ರೆ ಬರೆದ ಚೆಲಾನೊದ ಥಾಮಸ್ ಒಂದು ವಿವರ ಕೊಡುತ್ತಾನೆ: ಅಲ್ಲಿದ್ದ ಸಜ್ಜನನೊಬ್ಬನಿಗೆ ತೊಟ್ಟಿಯಲ್ಲಿ ಜೀವವಿಲ್ಲದಂತೆ ಮಲಗಿದ ಮಗುವೊಂದು ಕಂಡಿತು, ಫ್ರಾನ್ಸಿಸರು ಹತ್ತಿರ ಹೋದಾಗ ಅದು ಗಾಢ ನಿದ್ದೆಯಿಂದ ಎಚ್ಚೆತ್ತಿತು. ಗೊಂಬೆಗೆ ರಾತ್ರಿ ಜೀವ ಬರುತ್ತದೆ ಎಂಬ ಭಾವ ಗೋದಲಿಯ ಹುಟ್ಟಿನ ಕಥೆಯಲ್ಲೇ ಇದೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಚರ್ಚುಗಳು ಮುಚ್ಚಿದಾಗ ಪ್ರೊವಾನ್ಸಿನ ಮನೆಗಳು ಪುಟ್ಟ ಮಣ್ಣಿನ ಮೂರ್ತಿಗಳಿಂದ ಗೋದಲಿಯನ್ನು ತಮ್ಮೊಳಗೆ ಎಳೆದುಕೊಂಡವು. ಮಾರ್ಸೇಲಿನ ಮೂರ್ತಿಗಳ ಸಂತೆ 1803ರಲ್ಲಿ ಶುರುವಾಯಿತು. ಮೈಸೂರು ಸೀಮೆಯಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಕೆಲಸ ಮಾಡುತ್ತಿದ್ದ ದಿನಗಳು ಅವು. ಬಸಿಲಿಕವನ್ನು ಕಟ್ಟಿಸಿದ ಕ್ಲೈನರ್ ಅವರೂ ದ್ಯುಬುವಾ ಅವರ ಹಾಗೆ ಪ್ಯಾರಿಸ್ ಮಿಷನ್ನಿನವರು. ಗೋದಲಿ ದೇವಾಲಯದಿಂದ ಮನೆಗೆ ಇಳಿದ ಮೇಲೆಯೇ ಅದು ಮಕ್ಕಳದ್ದಾಯಿತು ಎಂದು ನನಗನ್ನಿಸುತ್ತದೆ. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸ್ ಗ್ರೆಚ್ಚೊದಲ್ಲೇ ಸಹಿ ಹಾಕಿದ ಗೋದಲಿ ಕುರಿತ ಪತ್ರದಲ್ಲೂ ಮನೆ, ಬಾಲ್ಯ ಮತ್ತು ಹಿರಿಯರು ಮಕ್ಕಳಿಗೆ ದಾಟಿಸುವ ಕೈಕೆಲಸಕ್ಕೆ ದೊಡ್ಡ ಜಾಗವಿದೆ.

ಗೋದಲಿಯ ಹುಲ್ಲಿಗೆ ಮರಳುತ್ತೇನೆ, ಏಕೆಂದರೆ ಇಲ್ಲಿ ಕಂಟೋನ್ಮೆಂಟಿನ ಸ್ವಂತಿಕೆ ಕಾಣುತ್ತದೆ. ಪ್ರೊವಾನ್ಸಿನಲ್ಲಿ ಡಿಸೆಂಬರ್ 4ರ ಸಂತ ಬಾರ್ಬರಾ ಹಬ್ಬದಂದು ತಟ್ಟೆಯಲ್ಲಿ ಗೋಧಿ ಬಿತ್ತಿ ಗೋದಲಿಯ ಪಕ್ಕದಲ್ಲಿಡುತ್ತಾರೆ. ನಮ್ಮಲ್ಲಿ ಆ ಜಾಗ ರಾಗಿಗೆ. ರಾತ್ರಿ ನೆನೆಸಿದ ರಾಗಿಯನ್ನು ಮಣ್ಣು ಹರವಿದ ತಟ್ಟೆಯಲ್ಲಿ ಚೆಲ್ಲಿ, ನೀರು ಚಿಮುಕಿಸುತ್ತ ಬಂದರೆ ಎರಡು ಮೂರು ದಿನಕ್ಕೆ ಮೊಳಕೆ, ವಾರ ಹತ್ತು ದಿನಕ್ಕೆ ಬೆರಳೆತ್ತರದ ಹಸಿರು. ಕುರಿಗಳು ಮೇಯುವ ಹೊಲ ಸಿದ್ಧ. ಅವಸರದವರು ಸಾಸಿವೆ ಹಾಕುತ್ತಾರೆ. ಬಿತ್ತುವುದು, ನೀರು ಹಾಕುವುದು ಮಕ್ಕಳ ಪಾಲಿನ ಕೆಲಸ. ಇದೇ ರಾಗಿ, ಇದೇ ತಟ್ಟೆ, ಇದೇ ಕನ್ನಡಿಯ ಕೆರೆ ಎರಡು ತಿಂಗಳ ಹಿಂದೆ ದಸರಾ ಗೊಂಬೆಗಳ ಮುಂದಿನ ಪಾರ್ಕಿನಲ್ಲೂ ಇದ್ದವು. ಬೆಸ ಸಂಖ್ಯೆಯ ಮೆಟ್ಟಿಲು, ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆಗಳು, ಕೆಳಗೆ ಮಕ್ಕಳು ತಮ್ಮ ಆಟಿಕೆಗಳಿಂದ ಕಟ್ಟುವ ಊರು, ಸಂತೆ, ಮೃಗಾಲಯ. ಸೋಮೇಶ್ವರ ದೇವಾಲಯದ ಸುತ್ತಲಿನ ಹಳೆಯ ಹಲಸೂರಿನಲ್ಲಿ ಗೊಂಬೆ ಕೂರಿಸುವ ಮನೆಗಳೂ ಗೋದಲಿ ಕಟ್ಟುವ ಮನೆಗಳೂ ಗೋಡೆ ಹಂಚಿಕೊಂಡಿವೆ. ಅಕ್ಟೋಬರಿನಲ್ಲಿ ಗೊಂಬೆ ಬಾಗಿನಕ್ಕೆ ಹೋದ ಮಗು ಡಿಸೆಂಬರಿನಲ್ಲಿ ಗೋದಲಿ ನೋಡಲು ಹೋಗುತ್ತದೆ, ಎರಡೂ ಕಡೆ ಕೈತುಂಬ ತಿಂಡಿ. ರಾಗಿ ಬಿತ್ತುವ ವಿದ್ಯೆ ಯಾರಿಂದ ಯಾರಿಗೆ ದಾಟಿತೆಂದು ಕೇಳುವುದಕ್ಕಿಂತ, ಗೋಡೆಯ ಎರಡೂ ಬದಿಯ ಮಕ್ಕಳಿಗೆ ಅದು ಒಂದೇ ವಿದ್ಯೆಯಾಗಿತ್ತು ಎಂದು ಗುರುತಿಸುವುದು ಹೆಚ್ಚು ಉಪಯುಕ್ತ.

ನೆಲದ ಮೇಲಿನ ಗುರುತಿನ ವಿಷಯದಲ್ಲಿ ಇನ್ನೊಂದು ನೆರೆಮನೆಯ ವಾಡಿಕೆಯನ್ನು ಸೇರಿಸಬೇಕು. ಕೃಷ್ಣಜನ್ಮಾಷ್ಟಮಿಯಂದು ಬಾಗಿಲಿನಿಂದ ದೇವರಮನೆಯವರೆಗೆ ಅಕ್ಕಿಹಿಟ್ಟಿನ ಪುಟ್ಟ ಹೆಜ್ಜೆಗಳು ಮೂಡುತ್ತವೆ. ಮುಷ್ಟಿ ಬಿಗಿದು, ಕಿರುಬೆರಳಿನ ಬದಿಯನ್ನು ನೆನೆದ ಹಿಟ್ಟಿನಲ್ಲಿ ಅದ್ದಿ ನೆಲಕ್ಕೊತ್ತಿದರೆ ಪಾದ, ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಕಾಲ್ಬೆರಳು. ಕೃಷ್ಣ ಬೆಣ್ಣೆ ಕದಿಯಲು ಒಳಗೆ ಬಂದ ಎಂದು ಮಗುವಿಗೆ ತೋರಿಸುತ್ತಾರೆ. ಇಂದಿರಾನಗರದ ಅಪಾರ್ಟ್‌ಮೆಂಟಿನಲ್ಲಿ ಎಲ್ಫ್ ಬಂದುಹೋದದ್ದಕ್ಕೆ ಸಾಕ್ಷಿಯಾಗಿ ಅಡುಗೆಕಟ್ಟೆಯ ಮೇಲೆ ಮೈದಾ ಚೆಲ್ಲಿ ಹೆಜ್ಜೆ ಮೂಡಿಸುವ ತಾಯಿ, ತನ್ನ ಅಜ್ಜಿಯ ಮನೆಯಲ್ಲಿ ಕಲಿತ ಕೈಚಳಕವನ್ನೇ ಬಳಸುತ್ತಿರಬಹುದು. ಬೆಣ್ಣೆ ಕದಿಯುವ ಕೃಷ್ಣನಿಗೂ ಸಕ್ಕರೆ ಡಬ್ಬಿ ಉರುಳಿಸುವ ಎಲ್ಫಿಗೂ ತುಂಟತನವೇ ಬಂಡವಾಳ. ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಮಂಚದ ಕಾಲಿಗೆ ಕಟ್ಟುತ್ತಿದ್ದ ದಿಂಬಿನ ಚೀಲವೂ, ಬೆಳಿಗ್ಗೆ ಅದರೊಳಗೆ ಸಿಗುತ್ತಿದ್ದ ಆಟಿಕೆ ಮತ್ತು ಹಣ್ಣುಗಳೂ ಇದೇ ಸಾಲಿಗೆ ಸೇರುತ್ತವೆ.

ಗುರುತುಗಳು ಮಗುವಿನ ಮನಸ್ಸಿನಲ್ಲಿ ಏನು ಮಾಡುತ್ತವೆ? ಇದಕ್ಕೆ ಒಳ್ಳೆಯ ಪ್ರಯೋಗವೊಂದಿದೆ. ಅಮೆರಿಕದ ಟೆಕ್ಸಾಸಿನ ಮನೋವಿಜ್ಞಾನಿ ಜಾಕ್ವೆಲಿನ್ ವೂಲಿ ಮತ್ತು ಅವರ ಜೊತೆಗಾರರು ‘ಕ್ಯಾಂಡಿ ವಿಚ್’ ಎಂಬ, ಅಲ್ಲಿಯವರೆಗೆ ಯಾರೂ ಕೇಳಿರದ ಒಬ್ಬ ಮಾಟಗಾತಿಯನ್ನು ತಾವೇ ಸೃಷ್ಟಿಸಿ ಶಿಶುವಿಹಾರದ ಮಕ್ಕಳಿಗೆ ಪರಿಚಯಿಸಿದರು. ಅವಳು ರಾತ್ರಿ ಬಂದು ಮಿಠಾಯಿ ಒಯ್ದು ಆಟಿಕೆ ಇಟ್ಟುಹೋಗುತ್ತಾಳೆ. ಕೆಲವು ಮನೆಗಳಲ್ಲಿ ತಂದೆತಾಯಿ ಗುಟ್ಟಾಗಿ ಹಾಗೆ ಮಾಡಿದರು, ಕೆಲವು ಮನೆಗಳಲ್ಲಿ ಮಾಡಲಿಲ್ಲ. 2004ರಲ್ಲಿ ಪ್ರಕಟವಾದ ಫಲಿತಾಂಶದ ತಿರುಳು ಇಷ್ಟು: ಶಿಶುವಿಹಾರದ ಮಕ್ಕಳಲ್ಲಿ ಸ್ವಲ್ಪ ದೊಡ್ಡವರು, ಮನೆಗೆ ಅವಳು ‘ಬಂದು’ ಹೋದಾಗ, ಬಾರದ ಮನೆಯ ಮಕ್ಕಳಿಗಿಂತ ಗಟ್ಟಿಯಾಗಿ ನಂಬಿದರು. ವರ್ಷದ ನಂತರವೂ ಆ ನಂಬಿಕೆ ಹೆಚ್ಚೇನೂ ಕರಗಿರಲಿಲ್ಲ. ನಂಬುವುದು ಬುದ್ಧಿ ಬಲಿಯದ ಮಗುವಿನ ಲಕ್ಷಣ ಎಂಬ ಹಿರಿಯರ ಎಣಿಕೆಯನ್ನು ಇದು ತಿರುಗಿಸುತ್ತದೆ. ಸಾಕ್ಷಿಯನ್ನು ತೂಗಿ ನೋಡಲು ಕಲಿತ ಮಗುವೇ ಸಾಕ್ಷಿಗೆ ಮಣಿಯುವುದು. ಆಟಿಕೆ ಇದೆ, ಮಿಠಾಯಿ ಇಲ್ಲ, ಆದ್ದರಿಂದ ಯಾರೋ ಬಂದಿದ್ದರು. ಮೈದಾ ಹೆಜ್ಜೆಯನ್ನು ಬಗ್ಗಿ ನೋಡುವ ಐದು ವರ್ಷದ ಮಗು ತರ್ಕ ಮಾಡುತ್ತಿದೆ. ಅದರ ಆ ಶ್ರದ್ಧೆಯನ್ನು ನಾವು ಗೌರವಿಸಬೇಕು, ಹಾಗಾಗಿ ಅದರ ಮುಂದೆ ಎಂಥ ಸಾಕ್ಷಿಯನ್ನು ಇಡುತ್ತೇವೆ ಎಂಬುದು ಸಣ್ಣ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಇಲ್ಲಿಂದ ಎಲ್ಫಿನ ವರದಿಯ ವಿಷಯಕ್ಕೆ ಬರಬೇಕು. ಕೆನಡಾದ ಸಂಶೋಧಕಿಯರಾದ ಲಾರಾ ಪಿಂಟೊ ಮತ್ತು ಸೆಲೆನಾ ನೆಮೊರಿನ್ 2014ರಲ್ಲಿ ಬರೆದ ಲೇಖನದಲ್ಲಿ ಈ ಗೊಂಬೆಯನ್ನು ಕಠಿಣವಾಗಿ ಪರೀಕ್ಷಿಸಿದರು. ಯಾರೋ ಸದಾ ತನ್ನನ್ನು ನೋಡುತ್ತಿದ್ದಾರೆ, ನೋಡಿದ್ದನ್ನು ಮೇಲಿನವರಿಗೆ ತಿಳಿಸುತ್ತಾರೆ ಎಂಬ ಸ್ಥಿತಿಯನ್ನು ಮಗು ಆಟದ ಹೆಸರಿನಲ್ಲಿ ಸಹಜವೆಂದು ಒಪ್ಪಿಕೊಳ್ಳುತ್ತದೆ ಎಂಬುದು ಅವರ ಆಕ್ಷೇಪ. ಮಕ್ಕಳನ್ನು ಹದ್ದಿನಲ್ಲಿಡಲು ಕಾಣದವರನ್ನು ಕರೆಯುವುದು ನಮಗೂ ಗೊತ್ತು. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣ ತಾಯಿಯನ್ನು ಬೇಡಿಕೊಳ್ಳುವ ಪುರಂದರದಾಸರ ಕೀರ್ತನೆಯನ್ನು ಕೇಳದ ಕನ್ನಡಿಗರು ಕಡಿಮೆ. ಆದರೆ ಗುಮ್ಮ ವರದಿ ಬರೆಯುವುದಿಲ್ಲ. ಅವನು ತಾಯಿಯ ಬಾಯಲ್ಲಿ ಹುಟ್ಟಿ ಆ ಕ್ಷಣಕ್ಕೇ ಮುಗಿಯುತ್ತಾನೆ. ಕೀರ್ತನೆಯೂ ತಾಯಿ ಮಗುವನ್ನು ಅಪ್ಪಿಕೊಳ್ಳುವಲ್ಲಿಗೆ ಮುಗಿಯುತ್ತದೆ. ಎಲ್ಫ್ ಮಾತ್ರ ಇಪ್ಪತ್ತಕ್ಕೂ ಹೆಚ್ಚು ದಿನ ಮನೆಯಲ್ಲೇ ಇದ್ದು ಮೂರನೆಯವರಿಗೆ ಲೆಕ್ಕ ಒಪ್ಪಿಸುತ್ತದೆ. ಗಂಜಿ ಇಟ್ಟರೋ ಇಲ್ಲವೋ ಎಂದು ಹಿರಿಯರನ್ನು ವಿಚಾರಿಸುತ್ತಿದ್ದ ನಿಸ್ಸೆಯಿಂದ ಎಲ್ಫ್ ಎಷ್ಟು ದೂರ ಬಂದಿದೆ ಎಂಬುದು ಇಲ್ಲಿ ಕಾಣುತ್ತದೆ. ಪಿಂಟೊ ಮತ್ತು ನೆಮೊರಿನ್ ಅವರ ಆತಂಕ ನನಗೆ ನ್ಯಾಯವಾಗಿಯೇ ಕಾ‍ಣುತ್ತದೆ. ಗೇಟಿನಲ್ಲಿ, ಲಿಫ್ಟಿನಲ್ಲಿ, ಶಾಲಾ ವಾಹನದಲ್ಲಿ ಕ್ಯಾಮೆರಾ ಇರುವ ಬಡಾವಣೆಯ ಮಗುವಿಗೆ ಮನೆಯ ಕಪಾಟಿನ ಮೇಲೂ ಒಂದು ಕಣ್ಣು ಬೇಕಾಗಿಲ್ಲ.

ಇದಕ್ಕಿಂತಲೂ ಮುಖ್ಯವಾದದ್ದು ಮುಟ್ಟಬಾರದೆಂಬ ಕಟ್ಟಳೆ. ಗೋದಲಿಯಲ್ಲಿ ಮಗು ಕಾಗದ ಮುದುಡುತ್ತದೆ, ರಾಗಿಗೆ ನೀರು ಹಾಕುತ್ತದೆ, ಕುರಿಗಳನ್ನು ಎಡದಿಂದ ಬಲಕ್ಕೆ ದಿನಕ್ಕೆ ಹತ್ತು ಸಲ ಸರಿಸುತ್ತದೆ. ಮುರಿದ ಕಿವಿಗೆ ಫೆವಿಕಾಲ್ ಅಂಟಿಸಿಕೊಂಡ ಕತ್ತೆ ಹಳೆಯ ಸೆಟ್ಟುಗಳಲ್ಲಿ ಅಪರೂಪವಲ್ಲ. ಪ್ಲಾಸ್ಟಿಕ್ ಡೈನೋಸಾರ್ ಒಂದು ಕುರಿಗಳ ಪಕ್ಕ ನಿಂತಿದ್ದರೆ ಅದನ್ನು ಯಾರೂ ಓಡಿಸುವುದಿಲ್ಲ. ಹೀಗೆ ಕೈಯಾಡಿಸಿದ ಮಗುವಿನ ಮುಂದೆಯೂ 25ರ ಬೆಳಗಿನ ಅಚ್ಚರಿ ಕುಂದುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಪೂರ್ತಿ ಗೋದಲಿಯಲ್ಲಿ ಹಿರಿಯರು ತಮ್ಮ ಕೈಯಲ್ಲಿ ಇಟ್ಟುಕೊಳ್ಳುವುದು ಒಂದೇ ಮೂರ್ತಿಯನ್ನು, ಒಂದೇ ರಾತ್ರಿಯನ್ನು. ಮಗು ಬೆಳೆದು ನಡುರಾತ್ರಿಯ ಪೂಜೆಗೆ ಹೋಗಲು ಶುರುಮಾಡಿದ ವರ್ಷ ಕೂಸನ್ನು ಇಡುವ ಕೆಲಸ ಅದರ ಪಾಲಿಗೆ ಬರುತ್ತದೆ, ತಮ್ಮನೋ ತಂಗಿಯೋ ನಿದ್ದೆಯಲ್ಲಿರುತ್ತಾರೆ. ಗುಟ್ಟು ತಿಳಿಯುವುದೂ ಕೆಲಸ ಸಿಗುವುದೂ ಒಂದೇ ರಾತ್ರಿ ನಡೆಯುವುದರಿಂದ ಮೋಸಹೋದೆನೆಂಬ ನೋವಿಗೆ ಅಲ್ಲಿ ಎಡೆಯಿಲ್ಲ. ಎಲ್ಫ್ ಆಡುವ ಮನೆಗಳಲ್ಲೂ ಅಕ್ಕ ಅಣ್ಣಂದಿರು ಹೀಗೆ ಒಳಗಿನವರಾಗುವುದುಂಟು. ವರದಿ ಮತ್ತು ಮುಟ್ಟಬಾರದು ಎಂಬ ಎರಡು ಕಟ್ಟಳೆಗಳನ್ನು ಕೈಬಿಟ್ಟರೆ ಆಟಕ್ಕೆ ಏನೂ ನಷ್ಟವಾಗುವುದಿಲ್ಲ. ಅವೆರಡೂ ಇಲ್ಲದೆ ಇದೇ ಆಟ ಇದೇ ಊರಿನಲ್ಲಿ ತಲೆಮಾರುಗಳಿಂದ ನಡೆದಿದೆ.

ದುಡಿಮೆಯ ಪ್ರಶ್ನೆಯನ್ನು ಬಿಟ್ಟು ಈ ವಿಷಯವನ್ನು ಬರೆಯುವುದು ಸರಿಯಲ್ಲ. ಎಲ್ಫನ್ನು ದಿನಾ ರಾತ್ರಿ ಕೂರಿಸುವ ಹೊಣೆ ಹೆಚ್ಚಿನ ಮನೆಗಳಲ್ಲಿ ತಾಯಿಯದು, ಅದೂ ಆಫೀಸಿನ ಕೆಲಸ, ಅಡುಗೆ, ಮಕ್ಕಳ ಹೋಂವರ್ಕ್ ಮುಗಿದ ಮೇಲೆ. ಬೆಳಿಗ್ಗೆ ಚೆಲ್ಲಿದ ಮೈದಾ, ಸಕ್ಕರೆ, ಥರ್ಮೊಕೋಲಿನ ಹಿಮ ಗುಡಿಸುವವರು ಬಹಳ ಕಡೆ ಮನೆಕೆಲಸದ ಹೆಂಗಸರು. ಇಂದಿರಾನಗರಕ್ಕೆ ಕೆಲಸಕ್ಕೆ ಬರುವವರಲ್ಲಿ ಮರ್ಫಿ ಟೌನ್, ಜೋಗುಪಾಳ್ಯ, ಹಲಸೂರಿನ ಕ್ರೈಸ್ತ ಮಹಿಳೆಯರೂ ಇದ್ದಾರೆ. ತಮಿಳಿನಲ್ಲಿ ಕುಡಿಲ್ ಎಂದು ಕರೆಯುವ ಗೋದಲಿಯನ್ನು ತಮ್ಮ ಮನೆಯಲ್ಲಿ ಕಟ್ಟುವವರು ಇವರು. ಎಲ್ಫ್ ಮತ್ತು ಗೋದಲಿ ಎರಡನ್ನೂ ಹತ್ತಿರದಿಂದ ಬಲ್ಲವರು ಈ ಸೀಮೆಯಲ್ಲಿ ಯಾರಾದರೂ ಇದ್ದರೆ ಅವರೇ. ಯಾವ ಅಧ್ಯಯನವೂ ಅವರ ಮಾತಿಲ್ಲದೆ ಪೂರ್ಣವಾಗಲಾರದು. ಅವರ ಮಕ್ಕಳು ಎಲ್ಫಿನ ಬಗ್ಗೆ ಏನು ಕೇಳಿಸಿಕೊಂಡಿದ್ದಾರೆ, ಮನೆಯ ಗೋದಲಿಯಲ್ಲಿ ಅದಕ್ಕೊಂದು ಜಾಗ ಸಿಕ್ಕಿದೆಯೇ ಎಂಬುದನ್ನು ಕೇಳಿ ಬರೆದಿಡಬೇಕು.

ಈ ವಾಡಿಕೆಗಳನ್ನು ದಾಖಲಿಸುವುದರಲ್ಲಿ ಒಂದು ತೊಡಕಿದೆ. ಚರ್ಚಿನ ಕಟ್ಟಡಕ್ಕೆ ಅಡಿಗಲ್ಲಿದೆ, ಪ್ರತಿಷ್ಠೆಯ ತಾರೀಖಿದೆ, ನಕ್ಷೆಯಿದೆ. ಮನೆಯ ಗೋದಲಿ ಪ್ರತಿ ಜನವರಿ ಕಳಚಿ ಹೋಗುತ್ತದೆ: ಕಾಗದ ಕಸಕ್ಕೆ, ರಾಗಿಯ ಪೈರು ಕುಂಡಕ್ಕೆ, ಮೂರ್ತಿಗಳು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಟ್ರಂಕಿಗೆ. ಎಲ್ಫಿನ ಜೋಡಣೆಗೆ ಒಂದು ಹಗಲಿನ ಆಯುಸ್ಸು. ಹೀಗಿದ್ದರೂ ಸಾಮಗ್ರಿ ಇಲ್ಲದಿಲ್ಲ. ಕುಟುಂಬಗಳ ಫೋಟೋ ಆಲ್ಬಮ್ಮುಗಳಲ್ಲಿ ಹೊಸ ಬಟ್ಟೆ ತೊಟ್ಟ ಮಕ್ಕಳ ಹಿಂದೆ ಗೋದಲಿಯ ಒಂದು ಮೂಲೆ ಸಿಕ್ಕೇ ಸಿಗುತ್ತದೆ. ಮೂರ್ತಿಗಳನ್ನು ಸುತ್ತಿದ ಪತ್ರಿಕೆಯ ತಾರೀಖು ಅವು ಕೊನೆಯ ಬಾರಿ ಯಾವ ವರ್ಷ ಒಳಗೆ ಹೋದವೆಂದು ಹೇಳುತ್ತದೆ. ಬೇರೆ ಬೇರೆ ಅಳತೆಯ, ಬೇರೆ ಬೇರೆ ಬಣ್ಣದ ಮೂರ್ತಿಗಳು ಒಂದೇ ಸೆಟ್ಟಿನಲ್ಲಿ ಸೇರಿದ್ದರೆ ಯಾವುದು ಒಡೆಯಿತು, ಯಾವುದನ್ನು ಯಾವಾಗ ಕೊಂಡರು ಎಂಬ ಚರಿತ್ರೆಯನ್ನು ಮನೆಯ ಹಿರಿಯಳೊಬ್ಬಳು ಬಾಯಿಯಲ್ಲೇ ಹೇಳಬಲ್ಲಳು. ಇಂಥ ಮಾತುಗಳನ್ನು ಆ ಮನೆಯ ಭಾಷೆಯಲ್ಲೇ, ಕನ್ನಡ ತಮಿಳು ಇಂಗ್ಲಿಷ್ ಬೆರೆತ ಕಂಟೋನ್ಮೆಂಟಿನ ಮಾತಿನಲ್ಲೇ ಧ್ವನಿಮುದ್ರಣ ಮಾಡಬೇಕು. ತಿದ್ದಿ ಬರೆದರೆ ಅರ್ಧ ವಿವರ ಕಳೆದುಹೋಗುತ್ತದೆ.

ಕೆಲಸದ ವೇಳಾಪಟ್ಟಿಯ ಬಗ್ಗೆ ಒಂದು ಸಲಹೆ. ಪತ್ರಿಕೆಯವರೂ ಛಾಯಾಗ್ರಾಹಕರೂ ಡಿಸೆಂಬರ್ 20ರಿಂದ 25ರವರೆಗೆ ಶಿವಾಜಿನಗರದಲ್ಲಿ ತುಂಬಿರುತ್ತಾರೆ, ಆಮೇಲೆ ಹೊಸ ವರ್ಷದ ಬ್ರಿಗೇಡ್ ರಸ್ತೆಗೆ ಹೊರಟುಹೋಗುತ್ತಾರೆ. ಎಲ್ಫ್ 24ರ ರಾತ್ರಿ ಅಟ್ಟ ಸೇರುತ್ತದೆ. ರಾಯರು ಆಗ ಇನ್ನೂ ಅರ್ಧ ದಾರಿಯಲ್ಲಿರುತ್ತಾರೆ. ಡಿಸೆಂಬರ್ 26ರಿಂದ ಜನವರಿ 6ರವರೆಗಿನ ಹನ್ನೆರಡು ದಿನಗಳಲ್ಲಿ ಹಲಸೂರು, ಮರ್ಫಿ ಟೌನ್, ಕೆ.ಆರ್. ಪುರಂನ ಮನೆಗಳಿಗೆ ಹೋಗಿ, ದಿನದಿನಕ್ಕೆ ಒಂಟೆ ಎಲ್ಲಿದೆ, ಅದನ್ನು ಸರಿಸಿದವರು ಯಾರು, ಹಗಲೋ ರಾತ್ರಿಯೋ, ಕಂಡುಹಿಡಿದ ಮಗುವಿನ ವಯಸ್ಸೆಷ್ಟು ಎಂದು ಗುರುತು ಹಾಕಿಕೊಂಡರೆ, ಈ ಟಿಪ್ಪಣಿಯ ವಾದ ನಿಲ್ಲುತ್ತದೋ ಬೀಳುತ್ತದೋ ಪರೀಕ್ಷಿಸಬಹುದು.